ಸೋಮವಾರದ ಕರೆ

ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ನಾನು ಬೇರೆಯವರ ಫೋನ್ ಮಾತು ಕೇಳುವ ಕೆಲಸ ಮಾಡಿದ್ದೇನೆ. ಕದ್ದು ಅಲ್ಲ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಸರ್ಕಾರದ ಕುರ್ಚಿಯ ಮೇಲೆ ಕೂತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಈಗ ಮಗಳು ನನ್ನ ಮೊಬೈಲ್ ಕಿತ್ತುಕೊಂಡು, ಈ ಆಪ್‌ಗೆ ಮೈಕಿನ ಪರ್ಮಿಶನ್ ಯಾಕೆ ಕೊಟ್ಟೆ, ನಾವು ಅಡುಗೆಮನೆಯಲ್ಲಿ ಆಡಿದ್ದೆಲ್ಲ ಅವರಿಗೆ ಕೇಳಿಸುತ್ತೆ ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ನನ್ನನ್ನು ಬೈಯುತ್ತಾಳೆ. ಹೌದಾ ಎಂದು ನಾನು ತಲೆಯಾಡಿಸುತ್ತೇನೆ. ಕೇಳುವುದು ಯಂತ್ರ ಎಂದು ಅವಳ ನಂಬಿಕೆ. ನಮ್ಮ ಕಾಲದಲ್ಲಿ ಯಂತ್ರ ಬರೀ ತುಂಬಿಕೊಳ್ಳುತ್ತಿತ್ತು, ಕೇಳುವುದಕ್ಕೆ ಒಬ್ಬರು ಬಂದು ಕೂರಬೇಕಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಮುಂಬಯಿಯ ಸಯನ್‌ನಲ್ಲಿ ಎರಡು ರೂಮಿನ ಮನೆ, ಮೂರನೇ ಮಹಡಿ. ಗಂಡ, ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇದ್ದ ಅತ್ತೆ, ಆರು ವರ್ಷದ ಮಗಳು. ನಾನು ಫೋರ್ಟ್ ಕಡೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸ್ಟೆನೋ. ಮದುವೆಯಾದ ವರ್ಷವೇ ಟೆಲಿಫೋನಿಗೆ ಅರ್ಜಿ ಹಾಕಿದ್ದೆವು. ಏಳು ವರ್ಷವಾದರೂ ಸರದಿ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಹೋಗಿ ಕೌಂಟರಿನಲ್ಲಿ ವಿಚಾರಿಸುವುದು ನಮಗೊಂದು ಹಬ್ಬದ ಹಾಗೆ ಆಗಿಹೋಗಿತ್ತು. ಒಂದು ವರ್ಷ ನಿಮ್ಮ ಅರ್ಜಿಯೇ ಇಲ್ಲ ಎಂದರು. ಮರುವರ್ಷ ನಿಮ್ಮ ಹೆಸರಿನಲ್ಲಿ ಎರಡು ಅರ್ಜಿ ಇವೆ, ಆದ್ದರಿಂದ ಎರಡನ್ನೂ ತಡೆಹಿಡಿದಿದ್ದೇವೆ ಎಂದರು. ನನ್ನ ಗಂಡ ಶಾಂತ ಸ್ವಭಾವದವರು, ಹೊರಗೆ ಬಂದು ಬಿಸಿ ಚಹಾ ಕುಡಿದು ಸುಮ್ಮನಾದರು. ನನಗೆ ಆ ಕೌಂಟರಿನ ಕಿಟಕಿಯೊಳಗೆ ಕೈ ಹಾಕಿ ಫೈಲುಗಳನ್ನೆಲ್ಲ ಎಳೆದು ಕೆಳಗೆ ಹಾಕಬೇಕು ಅನಿಸಿತ್ತು.

ಬಿಲ್ಡಿಂಗಿನಲ್ಲಿ ಇದ್ದದ್ದು ಒಂದೇ ಫೋನು, ನೆಲಮಹಡಿಯ ಡಾಕ್ಟರ ಮನೆಯಲ್ಲಿ. ನಮ್ಮ ನೆಂಟರಿಗೆಲ್ಲ ಅದೇ ನಂಬರು ಕೊಟ್ಟಿದ್ದೆವು. ಕರೆ ಬಂದರೆ ಅವರ ಕೆಲಸದವಳು ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದಳು. ನಾವು ಸೀರೆ ಸರಿಮಾಡಿಕೊಳ್ಳುತ್ತ ಓಡುತ್ತಿದ್ದೆವು. ಡಾಕ್ಟರ ಹೆಂಡತಿ ಪಕ್ಕದಲ್ಲೇ ನಿಂತು ಹೂದಾನಿಯ ಧೂಳು ಒರೆಸುತ್ತಿದ್ದರು. ಆ ಹೂದಾನಿಯಷ್ಟು ಚೊಕ್ಕಟವಾದ ವಸ್ತುವನ್ನು ನಾನು ಮುಂಬಯಿಯಲ್ಲೇ ನೋಡಿಲ್ಲ.

ಹೀಗಿರುವಾಗ ಒಂದು ದಿನ ನಮ್ಮ ಸಾಹೇಬರು ಕರೆದರು. ಅವರೆದುರು ಮಾಮೂಲಿ ಷರಟು ತೊಟ್ಟ ಒಬ್ಬ ಅಧಿಕಾರಿ ಕೂತಿದ್ದರು. ಯಾವ ಇಲಾಖೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕನ್ನಡ ಚೆನ್ನಾಗಿ ಬರುತ್ತದೆಯೇ ಎಂದರು. ಮನೆಮಾತು ಎಂದೆ. ಹುಬ್ಬಳ್ಳಿ, ಬಿಜಾಪುರದ ಕಡೆಯ ಕನ್ನಡ ತಿಳಿಯುತ್ತದೆಯೇ ಎಂದರು. ನಾವು ಮೈಸೂರಿನವರಲ್ಲವೇ, ಅದೇನು ಮಹಾ ಎಂಬ ಜಂಬದಲ್ಲಿ ಅದೂ ಕನ್ನಡವೇ ಎಂದೆ. ವಾರಕ್ಕೆ ಮೂರು ಮಧ್ಯಾಹ್ನ, ಸೋಮವಾರ, ಬುಧವಾರ, ಶುಕ್ರವಾರ, ಇನ್ನೊಂದು ಕಟ್ಟಡದಲ್ಲಿ ಕೆಲಸ ಎಂದರು. ಎದ್ದು ಹೊರಡುವಾಗ, ನಿಮ್ಮದೊಂದು ಟೆಲಿಫೋನ್ ಅರ್ಜಿ ತುಂಬ ದಿನದಿಂದ ಬಾಕಿ ಇದೆಯಲ್ಲ, ನೋಡೋಣ ಎಂದರು. ಅರ್ಜಿಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಅದು ನನಗೆ ವಿಚಿತ್ರ ಅನಿಸಲಿಲ್ಲ, ಖುಷಿಯಾಯಿತು. ಫೋನೇನೋ ಮರುವರ್ಷ ಬಂತು. ತಿಂಗಳಲ್ಲಿ ಹತ್ತು ದಿನ ಸತ್ತಿರುತ್ತಿತ್ತು, ಉಳಿದ ದಿನಗಳಲ್ಲಿ ಯಾವುದೋ ಐಸ್ ಫ್ಯಾಕ್ಟರಿಗೆ ಬರಬೇಕಾದ ಕರೆಗಳು ನಮಗೆ ಬರುತ್ತಿದ್ದವು.

ಕೆಲಸದ ಕೋಣೆಯಲ್ಲಿ ನಾಲ್ಕು ಮೇಜುಗಳಿದ್ದವು. ಪ್ರತಿ ಮೇಜಿಗೆ ಒಂದು ಕ್ಯಾಸೆಟ್ ಯಂತ್ರ, ಒಂದು ಟೈಪ್‌ರೈಟರು, ಒಬ್ಬ ಮನುಷ್ಯ, ಒಂದು ಭಾಷೆ. ನನ್ನ ಪಕ್ಕ ತಮಿಳಿನ ಒಬ್ಬರು, ಎದುರಿಗೆ ತೆಲುಗಿನ ನಿವೃತ್ತ ಮೇಡಂ. ಕಿವಿಗೆ ಹಾಕುವ ಹೆಡ್‌ಫೋನಿನ ಸ್ಪಂಜಿಗೆ ಎಲ್ಲರ ತಲೆಯ ಎಣ್ಣೆಯೂ ಮೆತ್ತಿತ್ತು. ನಾನು ಮನೆಯಿಂದ ಒಂದು ಹಳೆಯ ಕರ್ಚೀಫು ತಂದು ನಡುವೆ ಇಟ್ಟುಕೊಳ್ಳುತ್ತಿದ್ದೆ. ಕೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು: ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಏನು. ಎರಡು ಮೂರು ದಿನದ ಕರೆಗಳು ಒಟ್ಟಿಗೆ ಬರುತ್ತಿದ್ದವು. ಅಧಿಕಾರಿ ಓದಿ ಸಹಿ ಹಾಕುತ್ತಿದ್ದರು. ಹದಿನೈದು ದಿನವಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಹೊಸ ಮಾತು ತುಂಬುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಕುರ್ಲಾದ ಒಂದು ನಂಬರು. ಸ್ಟೇಷನ್ನಿನ ಹತ್ತಿರ ಸಾಲುಮನೆಗಳ ಒಂದು ಚಾಳಿಗೆ ಅಂಟಿಕೊಂಡ ಚಹಾದ ಹೋಟೆಲು, ನಡೆಸುವವರು ಕರಾವಳಿಯವರು. ಆ ಚಾಳಿನಲ್ಲಿದ್ದ ಉತ್ತರ ಕರ್ನಾಟಕದ ಕಟ್ಟಡ ಕೆಲಸದವರೆಲ್ಲ ಊರಿನಲ್ಲಿ ಆ ಹೋಟೆಲಿನ ನಂಬರನ್ನೇ ಕೊಟ್ಟಿದ್ದರು, ನಾವು ಡಾಕ್ಟರದ್ದು ಕೊಟ್ಟ ಹಾಗೆ. ಸರ್ಕಾರಕ್ಕೆ ಬೇಕಾಗಿದ್ದವರು ಅವರಲ್ಲಿ ಒಬ್ಬರೇ, ಒಬ್ಬ ಮೇಸ್ತ್ರಿ. ಕಟ್ಟಡ ಕಟ್ಟುವ ಜಾಗಗಳಲ್ಲಿ ಕುಡಿಯುವ ನೀರು ಬೇಕು, ಹೆಂಗಸರಿಗೆ ಮರೆಯ ಜಾಗ ಬೇಕು ಎಂದು ಅವರು ಆಳುಗಳನ್ನು ಸೇರಿಸಿ ಒಂದು ಕಮಿಟಿ ಮಾಡಿದ್ದರಂತೆ. ಇವರು ನಾಳೆ ಊರೆಲ್ಲ ಕೆಲಸ ನಿಲ್ಲಿಸಿಬಿಡುತ್ತಾರೆ ಎಂದು ಯಾರೋ ಮೇಲಕ್ಕೆ ಬರೆದಿದ್ದರು.

ತಿಂಗಳುಗಟ್ಟಲೆ ನಾನು ಕೇಳಿದ್ದು ಏನು? ಜೋಳದ ಹಿಟ್ಟು ಯಾರ ಕೈಯಲ್ಲಿ ಕಳಿಸಿದೆ, ಕೂಸಿನ ಜವಳ ಯಾವಾಗ, ಬಾವಿಯ ಹಗ್ಗ ಯಾರ ಹತ್ತಿರ ಇದೆ. ಮೊದಲ ವಾರ ನನ್ನ ಮೈಸೂರಿನ ಜಂಬ ಇಳಿಯಿತು, ಅರ್ಧ ಮಾತು ತಿಳಿಯಲಿಲ್ಲ. ಮೂರನೇ ತಿಂಗಳಿಗೆ ನಾನೇ ಮನೆಯಲ್ಲಿ 'ಹೌದ್ರಿ' ಎನ್ನಲು ಶುರುಮಾಡಿದೆ. ಆಫೀಸಿನಲ್ಲಿ ಯಾರ ಜೊತೆ ಕೂರುತ್ತೀಯೆ ಎಂದು ಅತ್ತೆ ಕೀಟಲೆ ಮಾಡಿದರು.

ಮೇಸ್ತ್ರಿಯ ದನಿ ನನಗೆ ಚೆನ್ನಾಗಿ ಗುರುತಾಗಿತ್ತು. ಮಾತಿಗೆ ಮುಂಚೆ ಒಮ್ಮೆ ಕೆಮ್ಮುತ್ತಿದ್ದರು. ಎದುರಿನವರು ಇಡುವವರೆಗೆ ಫೋನ್ ಇಡುತ್ತಿರಲಿಲ್ಲ. ಒಮ್ಮೆ ಊರಿನ ಸೊಸೈಟಿ ಆಫೀಸಿನಿಂದ ಅವರ ತಾಯಿ ಮಾತಾಡಿದರು. ಮುಂಬಯಿ ದೂರವಲ್ಲವೇ, ಕೂಗಿದರೇ ಕೇಳುವುದು ಎಂದುಕೊಂಡು ಕೂಗಿದರು. ಏನು ಉಂಡೆ ಎಂದರು. ಇವರು ಹೇಳಿದರು. ಮತ್ತೆ ಏನು ಉಂಡೆ ಎಂದರು. ಇವರು ಮತ್ತೆ ಅದನ್ನೇ ಹೇಳಿದರು. ಮೂರು ನಿಮಿಷವೂ ಅದೇ ಆಯಿತು. ನಾನು 'ತಾಯಿ, ಊಟದ ವಿಚಾರ' ಎಂದು ಟೈಪು ಮಾಡಿ ಮುಂದಿನ ಕರೆಗೆ ಹೋದೆ. ಆ ಕೋಣೆಯಲ್ಲಿ ಕೂತು ಕೂತು ನನಗೆ ಏನೂ ಅನಿಸದ ಹಾಗೆ ಆಗಿತ್ತು. ಬೇರೆಯವರ ಮನೆಯ ಅಳು, ನಗು ಎಲ್ಲ ಎಷ್ಟು ಸಾಲು ಆಗುತ್ತದೆ ಎಂಬುದಷ್ಟೇ ಲೆಕ್ಕ.

ಆಮೇಲೆ ಆ ಬುಧವಾರ ಬಂತು. ಸೋಮವಾರ, ಮಂಗಳವಾರದ ಕರೆಗಳು ಬಂದಿದ್ದವು. ಸೋಮವಾರ ಸಂಜೆಯದು ಊರಿನಿಂದ ಬಂದ ಟ್ರಂಕ್ ಕಾಲ್, ಮೇಸ್ತ್ರಿಯ ಭಾವನದು.

"ಅತ್ತಿ ನೀರು ಸೈತ ಒಲ್ಲೆ ಅನ್ನಾಕತ್ತಾಳ್ರಿ. ಒಂದ ಸವನ ಮಗನ್ನ ಕೇಳಾಕತ್ತಾಳ. ಇವತ್ತ ರಾತ್ರಿ ಗಾಡಿಗೇ ಹಚ್ಚಿ ಕೊಡ್ರಿ ಅವನ್ನ."

ಮೇಸ್ತ್ರಿ ಇಲ್ಲಿಲ್ಲ, ಗೋರೆಗಾಂವಿನಲ್ಲಿ ಸ್ಲ್ಯಾಬಿನ ಕೆಲಸ ಉಂಟು, ಅಲ್ಲೇ ಮಲಗುತ್ತಾರೆ, ಯಾರ ಹತ್ತಿರವಾದರೂ ಹೇಳಿ ಕಳಿಸುತ್ತೇನೆ ಎಂದರು ಹೋಟೆಲಿನವರು. ಮಂಗಳವಾರ ಬೆಳಿಗ್ಗೆ ಭಾವ ಮತ್ತೆ ಫೋನು ಮಾಡಿ ಹೊರಟನೇ ಎಂದು ಕೇಳಿದರು. ನಿನ್ನೆಯೇ ಒಬ್ಬ ಆಳಿಗೆ ಹೇಳಿದ್ದೇನೆ, ಹೊರಟಿರಬೇಕು ಎಂದರು ಹೋಟೆಲಿನವರು. ಆ ಹೊತ್ತಿಗೆ ಕರ್ರೆಂದು ಸದ್ದಾಗಿ ಲೈನು ಸತ್ತಿತು. ಕ್ಯಾಸೆಟ್ಟಿನಲ್ಲಿ ಮುಂದೆ ಬರೀ ಮೌನ. ಸರ್ಕಾರ ಕದ್ದು ಕೇಳುತ್ತಿದ್ದ ಲೈನನ್ನೂ ಟೆಲಿಫೋನಿನವರು ಎಲ್ಲರ ಲೈನಿನಂತೆಯೇ ನೋಡಿಕೊಳ್ಳುತ್ತಿದ್ದರು. ಬೇಗ ರಿಪೇರಿ ಮಾಡಿ ಎಂದು ನಮ್ಮ ಅಧಿಕಾರಿ ಫೋನಿನಲ್ಲಿ ಅವರನ್ನು ಗೋಗರೆಯುವುದನ್ನು ನಾನೇ ಕೇಳಿದ್ದೇನೆ.

ಕಾಗದ ಕೊಡಲು ಹೋದಾಗ ಅಧಿಕಾರಿಗೆ ಹೇಳಿದೆ. ಆಳು ನಿಜವಾಗಿ ಹೇಳಿದನೋ ಇಲ್ಲವೋ ಗೊತ್ತಿಲ್ಲ, ಮುದುಕಿ ಸಾಯುವ ಹಾಗಿದೆ, ಯಾರಾದರೂ ಒಂದು ಮಾತು ತಿಳಿಸಬಹುದಲ್ಲ ಎಂದೆ. ಅವರು ಕೆಟ್ಟವರಲ್ಲ. ಎಷ್ಟು ವಯಸ್ಸು ಎಂದು ವಿಚಾರಿಸಿದರು. ತಮ್ಮ ತಾಯಿಯೂ ಸಾತಾರಾದ ಕಡೆ ಒಬ್ಬರೇ ಇದ್ದಾರೆ ಎಂದರು. ಆಮೇಲೆ, ನಾವು ತಿಳಿಸಿದರೆ ನಿಮಗೆ ಹೇಗೆ ತಿಳಿಯಿತು ಎಂದು ಆ ಮೇಸ್ತ್ರಿ ಕೇಳುತ್ತಾನೆ, ಇಷ್ಟು ತಿಂಗಳ ಕೆಲಸ ಮಣ್ಣುಪಾಲಾಗುತ್ತದೆ, 'ಖಾಸಗಿ' ಎಂಬ ಕಡೆ ಬರೆದುಬಿಡಿ ಎಂದರು. ನಾನು ಬರೆದೆ.

ಮನೆಗೆ ಬಂದು ಹುರುಳಿಕಾಯಿ ಹೆಚ್ಚಿದೆ. ಗಂಡ ಏನೋ ಕೇಳಿದರು, ಉತ್ತರ ಕೊಟ್ಟೆ. ಆಳು ಹೇಳಿರುತ್ತಾನೆ, ಅವರು ಹೊರಟಿರುತ್ತಾರೆ ಎಂದುಕೊಂಡೆ. ನಿಜವಾಗಿ ನಂಬಿದೆನೋ, ನಂಬಿದರೆ ಆರಾಮ ಎಂದು ನಂಬಿದೆನೋ, ಈಗ ಹೇಳಲಾರೆ. ಗೋರೆಗಾಂವಿನ ಆ ಜಾಗ ನನಗೆ ಗೊತ್ತಿತ್ತು. ಹಿಂದಿನ ವಾರದ ಕರೆಯಲ್ಲಿ ಮೇಸ್ತ್ರಿಯೇ ಯಾರಿಗೋ ದಾರಿ ಹೇಳಿದ್ದರು, ಫಿಲ್ಮ್ ಸಿಟಿಯ ರಸ್ತೆ, ನೀರಿನ ಟ್ಯಾಂಕಿನ ಹಿಂದೆ. ಟೈಪು ಮಾಡಿದವಳು ನಾನೇ. ಆ ತಾಯಿ ಕರೆಯುತ್ತಿದ್ದಾಳೆ ಎಂಬುದೂ, ಮಗ ಎಲ್ಲಿದ್ದಾನೆ ಎಂಬುದೂ ಗೊತ್ತಿದ್ದು, ಅವನಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಎಂಬ ಅನುಮಾನವೂ ಇದ್ದವಳು, ಆ ಅಧಿಕಾರಿಯನ್ನು ಬಿಟ್ಟರೆ, ಮುಂಬಯಿಯಲ್ಲಿ ನಾನೊಬ್ಬಳೇ. ಗುರುವಾರ ಮಗಳ ಶಾಲೆಯಲ್ಲಿ ಮೀಟಿಂಗ್ ಇತ್ತು. ಹೋಗಿ ಬಂದೆ.

ಶುಕ್ರವಾರದ ಕ್ಯಾಸೆಟ್ಟಿನಲ್ಲಿ ಇದ್ದದ್ದು ಒಂದೇ ಕರೆ. ಗುರುವಾರ ಸಂಜೆ ಲೈನು ಬದುಕಿದ ಕೂಡಲೇ ಮೇಸ್ತ್ರಿಯೇ ಗೋರೆಗಾಂವಿನಿಂದ ಫೋನು ಮಾಡಿದ್ದರು. ಕೆಮ್ಮು ಕೇಳಿಸಿತು. ಹೋಟೆಲಿನವರು ಇರಲಿಲ್ಲ, ಅವರ ಮೈದುನ ಫೋನು ಎತ್ತಿಕೊಂಡಿದ್ದ. ನೀರಿನ ಟ್ಯಾಂಕರು ಕಳಿಸುತ್ತೇನೆಂದ ಬಿಲ್ಡರು ಬರೀ ಖಾಲಿ ಡ್ರಮ್ಮು ಕಳಿಸಿದ್ದಾನೆ ಎಂದು ಮೇಸ್ತ್ರಿ ನಕ್ಕರು. ಸ್ಲ್ಯಾಬು ಮುಗಿಯಲು ಇನ್ನೊಂದು ವಾರ ಎಂದರು. ಆಮೇಲೆ ಕೇಳಿದರು.

"ಊರಿಂದ ಏನರ ಫೋನ್ ಬಂದಿತ್ತೇನ್ರಿ?"

"ಇಲ್ಲ ಮಾರಾಯ್ರೆ, ಲೈನೇ ಸತ್ತಿತ್ತಲ್ಲ."

ಆಗಲಿ ಎಂದರು ಮೇಸ್ತ್ರಿ. ಎದುರಿನವನು ಇಡುವವರೆಗೆ ಕಾದು ಫೋನ್ ಇಟ್ಟರು. ನಾನು ಅಷ್ಟನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ. ಮೂರನೇ ಸಲ ಪಕ್ಕದ ತಮಿಳಿನವರು ನನ್ನ ಮುಖ ನೋಡಿದರು. ನಾನು ಟೈಪು ಮಾಡಿ ಕಾಗದ ಕೊಟ್ಟು ಐದೂವರೆಯ ಲೋಕಲ್ ಹಿಡಿದೆ. ಹಿಡಿದ ಲೋಕಲ್ ಸಯನ್ನಿನದು, ಗೋರೆಗಾಂವಿನದಲ್ಲ. ಗೋರೆಗಾಂವಿಗೆ ಹೋಗಿ ಬಂದರೆ ಒಂಬತ್ತಾಗುತ್ತದೆ, ಮನೆಯಲ್ಲಿ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಾ ನಿಂತಿದ್ದೆ. ಕೆಲಸ ಹೋಗುತ್ತದೆ ಎಂಬ ಭಯ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿದ್ದದ್ದು ಆಲಸ್ಯದಂಥ ಏನೋ ಒಂದು, ಅದಕ್ಕೆ ನನಗೆ ಇವತ್ತೂ ನಾಚಿಕೆ. ಶನಿವಾರ ಮಾಟುಂಗಾದಲ್ಲಿ ಅತ್ತೆಯ ಕಡೆಯವರ ಮಗುವಿನ ನಾಮಕರಣ. ಎರಡನೇ ಸಲ ಹೋಳಿಗೆ ಬಡಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಗೆಳತಿಯ ಮನೆಗೆ ಎಂದು ಹೊರಟೆ. ಬರಿಗೈಯಲ್ಲಿ ಹೋಗಬೇಡ ಎಂದು ಅತ್ತೆ ಡಬ್ಬಿಯಲ್ಲಿ ಪುಳಿಯೋಗರೆ ತುಂಬಿಕೊಟ್ಟರು. ದಾದರ್‌ನಲ್ಲಿ ಗಾಡಿ ಬದಲಿಸಿ, ಗೋರೆಗಾಂವಿನಲ್ಲಿ ಬಸ್ಸು ಹಿಡಿದು ನೀರಿನ ಟ್ಯಾಂಕಿನ ಹತ್ತಿರ ಇಳಿದೆ. ಕಟ್ಟಡದ ಬುಡದಲ್ಲಿ ಹೆಂಗಸರು ಜಲ್ಲಿ ಹೊರುತ್ತಿದ್ದರು. ಮೇಸ್ತ್ರಿ ಬೇಕು ಎಂದೆ. ಮೇಲಿನಿಂದ ಇಳಿದು ಬಂದವರನ್ನು ನೋಡಿ ನನಗೆ ನಂಬಲಾಗಲಿಲ್ಲ. ಆ ದನಿಗೆ ನಾನು ಎತ್ತರದ ಆಳನ್ನು ಕಲ್ಪಿಸಿಕೊಂಡಿದ್ದೆ. ಇವರು ಗಿಡ್ಡ, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ಕೆಮ್ಮಿದರು. ಆಗ ಇವರೇ ಎಂದು ಗೊತ್ತಾಯಿತು.

ಯಾರು, ಎಲ್ಲಿಂದ ಎಂದು ಕೇಳುವ ಮೊದಲು ನೀರು ಕೊಡಿಸಿದರು, ಆ ಖಾಲಿ ಡ್ರಮ್ಮಿನ ಜಾಗದಲ್ಲಿ. ನಾನು ಕುಡಿದೆ. ನಿಮ್ಮ ತಾಯಿಗೆ ಹುಷಾರಿಲ್ಲ, ಸೋಮವಾರ ಕುರ್ಲಾದ ಹೋಟೆಲಿಗೆ ಫೋನು ಬಂದಿತ್ತು, ಇವತ್ತೇ ಹೊರಡಿ ಎಂದೆ. ಎಷ್ಟರಮಟ್ಟಿಗೆ ಎಂದು ಕೇಳಿದರು. ನಾನು ಬೇರೆ ಮಾತು ಹುಡುಕಬೇಕಿತ್ತು. ಬಾಯಿಗೆ ಬಂದದ್ದು ಕ್ಯಾಸೆಟ್ಟಿನ ಮಾತೇ.

"ನೀರು ಸೈತ ಒಲ್ಲೆ ಅನ್ನಾಕತ್ತಾರಂತೆ. ಒಂದ ಸವನ ನಿಮ್ಮನ್ನ ಕೇಳಾಕತ್ತಾರಂತೆ."

ನನ್ನ ಸೀರೆ, ನನ್ನ ಕೈಚೀಲ, ನನ್ನ ಉಳಿದ ಕನ್ನಡ ಯಾವುದಕ್ಕೂ ಆ ಮಾತು ಹೊಂದುತ್ತಿರಲಿಲ್ಲ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಹೋಟೆಲಿನವರು ಕಳಿಸಿದರೇ ಎಂದರು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವರು ಇನ್ನೇನೂ ಕೇಳಲಿಲ್ಲ. ಅವರ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಕಾದೆ, ಬರಲಿಲ್ಲ. ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದರು. ಕೆಲಸ ಯಾರು ನೋಡಿಕೊಳ್ಳಬೇಕು ಎಂದು ಹೇಳಿದರು. ನಾನು ಡಬ್ಬಿ ಕೊಟ್ಟೆ, ಗಾಡಿಯಲ್ಲಿ ತಿನ್ನುತ್ತೇನೆ ಎಂದು ಇಸಿದುಕೊಂಡರು. ಒಂದೇ ಬಸ್ಸಿನಲ್ಲಿ ಸ್ಟೇಷನ್ನಿಗೆ ಬಂದೆವು, ಬೇರೆ ಬೇರೆ ಸೀಟಿನಲ್ಲಿ. ಆ ಡಬ್ಬಿ ಎಲ್ಲಿ ಎಂದು ಅತ್ತೆ ದೀಪಾವಳಿಯವರೆಗೂ ಕೇಳುತ್ತಿದ್ದರು.

ನನಗೆ ಆ ಸಂಜೆ ಮನಸ್ಸು ಹಗುರಾಯಿತು ಎಂದು ಹೇಳಿಕೊಳ್ಳಲು ಆಸೆ. ಹಾಗೇನೂ ಆಗಲಿಲ್ಲ. ಅನ್ನಕ್ಕಿಟ್ಟೆ, ಮಗಳ ಯೂನಿಫಾರ್ಮಿಗೆ ಇಸ್ತ್ರಿ ಮಾಡಿದೆ. ಹೇಳಬೇಕಾದದ್ದನ್ನು ಹೇಳಿಯಾಯಿತು, ಇನ್ನು ಅವರ ಹಣೆಬರಹ ಎಂದುಕೊಂಡೆ.

ಆ ವಾರ ಮೂರು ದಿನವೂ ಕ್ಯಾಸೆಟ್ಟಿನಲ್ಲಿ ಮೇಸ್ತ್ರಿ ಇರಲಿಲ್ಲ. ಅದರ ಮುಂದಿನ ಬುಧವಾರ ಇದ್ದರು. ಊರಿನ ಸೊಸೈಟಿ ಆಫೀಸಿನಿಂದ ಹೋಟೆಲಿನವರಿಗೆ ಫೋನು ಮಾಡಿದ್ದರು. ಕೆಮ್ಮಿ, ಅವ್ವ ಹೋದಳು ಎಂದರು. ನಾನು ಹೊರಡುವ ಹಿಂದಿನ ದಿನ, ಶನಿವಾರ ಹೊತ್ತು ಹುಟ್ಟುವ ಮುಂದೆ ಹೋದಳು, ಸಂಜೆಗೆ ಮಣ್ಣು ಮಾಡಿದರು, ನಾನು ಮುಟ್ಟಿದ್ದು ಸೋಮವಾರ, ಮುಖ ಸಿಗಲಿಲ್ಲ ಎಂದರು. ಹೋಟೆಲಿನವರು ಅತ್ತರು. ಹೇಳಿ ಕಳಿಸಿದ ಆಳು ಯಾರಿಗೂ ಹೇಳದೆ ತನ್ನ ಊರಿಗೇ ಹೊರಟುಹೋಗಿದ್ದನಂತೆ, ಗೋರೆಗಾಂವಿಗೆ ಬೇರೆ ಯಾರನ್ನೂ ತಾನು ಕಳಿಸಿರಲಿಲ್ಲ ಎಂದರು. ನಿಮ್ಮದೇನೂ ತಪ್ಪಿಲ್ಲ ಸಾವಕಾರ್ರೇ ಎಂದು ಮೇಸ್ತ್ರಿಯೇ ಅವರನ್ನು ಸಮಾಧಾನ ಮಾಡಿದರು. ಆಮೇಲೆ, ಒಂದು ಸ್ವಲ್ಪ ಹಾಗೇ ಹಿಡಿದುಕೊಳ್ಳಿ, ಇನ್ನೊಬ್ಬರಿಗೆ ಒಂದು ಮಾತು ಹೇಳುವುದಿದೆ ಎಂದರು. ಹೋಟೆಲಿನವರು ಯಾರಿಗೆ ಎಂದರು. ಮೇಸ್ತ್ರಿ ಮತ್ತೊಮ್ಮೆ ಕೆಮ್ಮಿದರು.

"ಅಕ್ಕಾರ, ನೀವು ಅಷ್ಟ ದೂರ ಬಂದು ಹೇಳಿದ್ರಿ, ನಿಮ್ಮ ಉಪಕಾರ ಮರಿಯೂದಿಲ್ಲ. ಒಂದ ತಿಳೀಬೇಕಾಗಿತ್ತು. ಸೋಮವಾರದ ಮಾತು ನಿಮಗ ಯಾವತ್ತ ಮುಟ್ತು?"

ಅವರು ನಿಜವಾಗಿಯೂ ಕಾಯುತ್ತಿದ್ದರು. ಅತ್ತ ಕಡೆ ಯಾವುದೋ ಕುರ್ಚಿ ಸರಿದ ಸದ್ದು, ಇತ್ತ ಕಡೆ ಹೋಟೆಲಿನ ಕಪ್ಪು ಬಸಿಗಳ ಸದ್ದು. ಆಪರೇಟರು ಮೂರು ನಿಮಿಷ ಆಯಿತು ಎಂದಳು. ಕರೆ ಮುಗಿಯಿತು.

ಆ ಕೋಣೆಯಲ್ಲಿ ಕನ್ನಡ ತಿಳಿಯುವವಳು ನಾನೊಬ್ಬಳೇ. ಹೋಟೆಲಿನವರು ಅತ್ತರು ಎಂಬಲ್ಲಿಗೆ ಟೈಪು ಮಾಡುವುದನ್ನು ನಿಲ್ಲಿಸಿದೆ. ಕೆಳಗೆ 'ಸಂಪರ್ಕ ಕಡಿಯಿತು' ಎಂದು ಬರೆದೆ. ಅಧಿಕಾರಿ ಓದಿ, ಪಾಪ, ಹೋದಳೇ ಎಂದು ಸಹಿ ಹಾಕಿದರು. ಹದಿನೈದು ದಿನವಾದ ಮೇಲೆ ಆ ಕ್ಯಾಸೆಟ್ಟಿನ ಮೇಲೆ ಬೇರೆ ಯಾರದೋ ಮಾತು ತುಂಬಿದರು. ಮೇಸ್ತ್ರಿಯನ್ನು ನಾನು ಮತ್ತೆ ನೋಡಲಿಲ್ಲ. ಅವರಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನಗೆ ಮುಟ್ಟಿದ್ದು ಬುಧವಾರ. ಅವತ್ತು ನಿಮ್ಮ ತಾಯಿ ಬದುಕಿದ್ದರು. ಗುರುವಾರವೂ, ಶುಕ್ರವಾರವೂ ಬದುಕಿದ್ದರು.